ಎರವಲು ಮುಚ್ಚಳ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎಂದಿನಂತೆ ಆರಕ್ಕೇ ಎಚ್ಚರವಾಯಿತು. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಹಾಕಿಹೋಗಿದ್ದ. ಒಂದು ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಎರಡನ್ನೂ ಕಾಯಿಸಿದೆ.

ನನ್ನ ಗಂಡ ತೀರಿಕೊಂಡು ಒಂಬತ್ತು ದಿನವಾಗಿತ್ತು. ಅವರ ವಯಸ್ಸು ಮೂವತ್ತಾರು. ಆಫೀಸಿನಲ್ಲಿ, ಕೂತ ಕುರ್ಚಿಯಲ್ಲೇ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಇದು ನನ್ನ ಮಾಮನ ಕಥೆ, ಮತ್ತು ಒಂದು ಹಲಗೆಯ ಕಥೆ.

ಮಾಮ ಅಂದರೆ ಅಮ್ಮನ ಅಣ್ಣ. "ಇವಳನ್ನ ಒಬ್ಬಳೇ ಬಿಡೋಕಾಗಲ್ಲ, ನಾಲ್ಕು ದಿನ ಇದ್ದು ಏನಾದ್ರೂ ಕೆಲಸಕ್ಕೆ ಬರ್ತೀನಿ" ಎಂದು ಅವರೊಬ್ಬರು ಉಳಿದುಕೊಂಡಿದ್ದರು. ಮಾಮ ಕೈಹಾಕಿದ ಕೆಲಸ ಎರಡಾಗುತ್ತದೆ ಎಂಬುದು ನಮ್ಮ ವಂಶದಲ್ಲಿ ಮೂರು ತಲೆಮಾರಿಗೆ ಗೊತ್ತಿರುವ ವಿಷಯ. ಆದರೂ ಅವರನ್ನು ಬೇಡ ಅಂದವರು ಇದುವರೆಗೆ ಯಾರೂ ಇಲ್ಲ. ಅವರ ಮುಖ ಅಂಥದ್ದು.

ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಮೊಹರು ಒತ್ತಿ ನಿವೃತ್ತರಾದ ಮಾಮನಿಗೆ ಒಂದೇ ಹವ್ಯಾಸ. ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಮನೆ-ನಿವೇಶನದ ಪುಟವನ್ನು ಕತ್ತರಿಸಿ ಫೈಲು ಮಾಡುವುದು. ಯಾವ ಬಡಾವಣೆಯಲ್ಲಿ ದರ ಏರಿತು, ಎಲ್ಲಿ ಇಳಿಯಿತು, ಮಾರುವವರು ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಕೊಳ್ಳುವವರು ಯಾವ ನಲ್ಲಿ ತಿರುಗಿಸಿ ನೋಡಬೇಕು, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಸ್ವತಃ ಅವರು ಜೀವಮಾನವೆಲ್ಲ ಬಾಡಿಗೆ ಮನೆಯಲ್ಲೇ ಇದ್ದರು. ದರ ಇಳಿಯಲಿ ಎಂದು ಕಾಯುತ್ತಿದ್ದರು. ಅವರು ಕಾಯಲು ಶುರುಮಾಡಿದಾಗ ನಾನು ಹುಟ್ಟಿರಲಿಲ್ಲ.

ಹೊರಡುವ ಮುನ್ನ ನೆಂಟರು ನಡುಮನೆಯಲ್ಲಿ ಒಂದು ಸಭೆ ಮಾಡಿದ್ದರು. ನನ್ನ ಗಂಡನ ಅಣ್ಣ, ಅಂದರೆ ಭಾವ, ಅದರ ಅಧ್ಯಕ್ಷರು. "ಇವಳು ಮುಂದೇನು ಮಾಡ್ಬೇಕು?" ಎಂದು ಅವರು ಎಲ್ಲರನ್ನೂ ಕೇಳಿದರು. ಮನೆ ಮಾರಿ ಅಮ್ಮನ ಹತ್ತಿರ ಹೋಗಬೇಕೆಂದು ಕೆಲವರು, ಬಾಡಿಗೆಗೆ ಕೊಟ್ಟು ಹೋಗಬೇಕೆಂದು ಕೆಲವರು. ಅವರು ಕೇಳದೆ ಬಿಟ್ಟದ್ದು ನನ್ನೊಬ್ಬಳನ್ನು. ಮನೆ ನಮ್ಮಿಬ್ಬರ ಹೆಸರಿನಲ್ಲೂ ಇತ್ತು. ಕಾಲೇಜಿನಲ್ಲಿ ನನ್ನ ಕೆಲಸವೂ ಇತ್ತು. ನನಗೆ ಇಲ್ಲೇ ಇರಬೇಕಿತ್ತು. ಹಾಗೆಂದು ಹೇಳಲು ಬಾಯಿ ತೆರೆದರೆ "ಹೂಂ" ಅಷ್ಟೇ ಬರುತ್ತಿತ್ತು. ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ. ಸಭೆ ಮುಗಿಯುವ ಹೊತ್ತಿಗೆ ಭಾವ ಎದ್ದು ಮತ್ತೊಂದು ಕುರ್ಚಿಯಲ್ಲಿ ಕೂತರು. ಅದರ ಮೇಲೆ ಮಾಮನ ಕನ್ನಡಕ ಇತ್ತು. ಕನ್ನಡಕ ರಿಪೇರಿಗೆ ಹೋಯಿತು. ನಿರ್ಧಾರ ಮುಂದಕ್ಕೆ ಹೋಯಿತು.

ಇನ್ನು ಹಲಗೆ.

ನಮ್ಮ ಅಂಗಳದಲ್ಲಿ, ಗೇಟಿನ ಒಳಗೆ, ನೀರಿನ ಸಂಪಿದೆ. ಎಂಟು ತಿಂಗಳ ಹಿಂದೆ ಅದರ ಕಬ್ಬಿಣದ ಮುಚ್ಚಳ ತುಕ್ಕು ತಿಂದು ಮುರಿಯಿತು. "ಭಾನುವಾರ ಹೊಸದು ತರ್ತೀನಿ" ಎಂದರು ನನ್ನ ಗಂಡ. ಅಲ್ಲಿಯವರೆಗೆ ಇರಲಿ ಎಂದು ಹಿಂದಿನ ಬೀದಿಯ ಕನ್ನಡಕದಂಗಡಿಯವರ ಹತ್ತಿರ ಒಂದು ಹಲಗೆ ಎರವಲು ತಂದರು. ಭಾನುವಾರಗಳು ಬಂದವು, ಹೋದವು.

ಅದು ಬರೀ ಹಲಗೆಯಲ್ಲ, ಬೋರ್ಡು. ಕನ್ನಡಕದವರಿಗೆ ಮಹಡಿ ಮನೆ ಇತ್ತು. ಅವರ ಹೆಂಡತಿಯ ಮೊಣಕಾಲಿಗೆ ಮೆಟ್ಟಿಲು ಆಗಿಬರುತ್ತಿರಲಿಲ್ಲ. ಮಾರಿ, ಕೆಳಗೇ ಇರುವ ಸಣ್ಣ ಮನೆ ಕೊಳ್ಳೋಣವೆಂದು ಅವರು ತಾವೇ ಬೋರ್ಡು ಬರೆದು ಗೇಟಿಗೆ ಕಟ್ಟಿದ್ದರು. ಮೂವತ್ತು ವರ್ಷ ಕಣ್ಣು ಪರೀಕ್ಷೆ ಮಾಡಿದ ಕೈ. ಮೇಲಿನ ಸಾಲು 'ಮನೆ' ಎಂಬುದು ಗೇಣುದ್ದದ ಅಕ್ಷರದಲ್ಲಿ. ಅದರ ಕೆಳಗೆ ಸ್ವಲ್ಪ ಸಣ್ಣದಾಗಿ 'ಮಾರಾಟಕ್ಕಿದೆ'. ಆಮೇಲೆ 'ನೇರ ಮಾಲೀಕರು'. ಇನ್ನೂ ಸಣ್ಣದಾಗಿ 'ದಲ್ಲಾಳಿಗಳು ಬರಬೇಡಿ'. ಕೊನೆಗೆ ಫೋನ್ ನಂಬರು, ಇರುವೆ ಸಾಲಿನಷ್ಟು. ಅದನ್ನು ಓದಬೇಕಾದರೆ ಸೊಂಟ ಬಗ್ಗಿಸಿ ಮೂಗು ತಾಗಿಸಬೇಕು. ಹದಿನಾಲ್ಕು ತಿಂಗಳಲ್ಲಿ ಒಬ್ಬರೂ ಫೋನ್ ಮಾಡಲಿಲ್ಲ. "ಜನರ ದೃಷ್ಟಿನೇ ಸರಿ ಇಲ್ಲ" ಎಂದು ಬೋರ್ಡು ಇಳಿಸಿದರು.

ಒಳ್ಳೆಯ ಹಲಗೆ, ನೀರು ಕುಡಿಯುವುದಿಲ್ಲ, ಅಳತೆಯೂ ಸರಿಯಾಗಿದೆ ಎಂದು ನನ್ನ ಗಂಡ ಕೇಳಿದಾಗ ಕನ್ನಡಕದವರು ಸ್ಪಷ್ಟವಾಗಿ ಹೇಳಿದ್ದರಂತೆ. "ದಾನ ಅಲ್ಲ ಇದು, ಎರವಲು. ಮಾರ್ಕೆಟ್ ಎದ್ದ ದಿನ ವಾಪಸ್ ಬೇಕು." ಅಕ್ಷರದ ಮುಖ ಕೆಳಗಾಗಿ ಹಲಗೆ ಸಂಪಿನ ಮೇಲೆ ಕೂತಿತು. ಎಂಟು ತಿಂಗಳು ಆ ಜಾಹೀರಾತನ್ನು ನಮ್ಮ ಸಂಪಿನ ನೀರೊಂದೇ ಓದಿಕೊಂಡಿತು.

ಆ ಮಂಗಳವಾರ ಬೆಳಿಗ್ಗೆ ಮಾಮ ಅಂಗಳದಲ್ಲಿ ನಿಂತು ಹಲಗೆ ನೋಡಿದರು. ಅದರ ತುಂಬ ಹೆಜ್ಜೆ ಗುರುತು. ಒಂಬತ್ತು ದಿನ ಬಂದುಹೋದವರ ಚಪ್ಪಲಿಯ ಮಣ್ಣು. ಅವರು ಹಲಗೆ ಎತ್ತಿ, ಸಂಪಿನ ಬಾಯಿಗೆ ಇಸ್ತ್ರಿ ಮೇಜನ್ನು ಕಾಲು ಮಡಚಿ ಮುಚ್ಚಿ, ಎರಡೂ ಮುಖ ಸೋಪು ಹಾಕಿ ತಿಕ್ಕಿದರು.

"ಏನೋ ಬರೆದಿದ್ಯಲ್ಲ ಇದರ ಮೇಲೆ," ಎಂದು ಅಲ್ಲಿಂದಲೇ ಕೂಗಿದರು. ಕನ್ನಡಕವಿಲ್ಲದೆ ಅವರಿಗೆ ಅಕ್ಷರವೆಲ್ಲ ಬಣ್ಣದ ಮಚ್ಚೆ. "ಬಣ್ಣದ ಕಂಪನಿದಿರ್ಬೇಕು ಅಲ್ವೇನೇ?"

ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಹೂಂ ಅಂದೆ.

ನಮ್ಮ ಅಂಗಳಕ್ಕೆ ಬಿಸಿಲು ಬೀಳುವುದಿಲ್ಲ. ಗೇಟಿನ ಹೊರಗೆ ಬೀಳುತ್ತದೆ. ಹೆಚ್ಚು ಒದ್ದೆಯಾದ ಮುಖ ಬಿಸಿಲಿಗಿರಲಿ ಎಂದು ಮಾಮ ಅಕ್ಷರದ ಬದಿಯನ್ನು ಬೀದಿಗೆ ತಿರುಗಿಸಿ, ಹಲಗೆಯನ್ನು ಗೇಟಿನ ಕಂಬಕ್ಕೆ ಒರಗಿಸಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದರು. ಹಲಗೆ ಒಳಗಿನಿಂದ ಒಣಗಬೇಕಾದರೆ ನಾಲ್ಕೈದು ದಿನ ಬೇಕು ಎಂದು ತಿಳಿಸಿದರು. ಪತ್ರಿಕೆಯಲ್ಲಿ ಓದಿದ್ದರಂತೆ.

ಹತ್ತು ಗಂಟೆಗೆ ಗೇಟಿನ ಹತ್ತಿರ ಗಂಡಹೆಂಡತಿ ಇಬ್ಬರು ಸ್ಕೂಟರು ನಿಲ್ಲಿಸಿದರು. ಗಂಡ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ, ನಡು ಬಗ್ಗಿಸಿ ನಿಂತರು. ಹೆಂಡತಿಯೂ ಬಗ್ಗಿದರು. ಕನ್ನಡಕವಿಲ್ಲದ ಮಾಮನಿಗೆ ಬಾಗಿಲಿನಿಂದ ಕಂಡದ್ದು ದುಃಖದಲ್ಲಿ ಬಾಗಿದ ಎರಡು ಆಕಾರ.

"ಬಂದಿದ್ದಾರೆ ಪಾಪ, ಒಳಗೆ ಬರೋಕೆ ಕಾಲು ಬರ್ತಿಲ್ಲ," ಎಂದು ಅವರೇ ಹೋಗಿ ಗೇಟು ತೆಗೆದರು. "ಬನ್ನಿ ಬನ್ನಿ. ಹೊರಗೇ ನಿಂತ್ರೆ ಹೇಗೆ?"

"ಫೋನ್ ಮಾಡ್ದೆ ಬಂದ್ಬಿಟ್ವಿ," ಎಂದರು ಆಕೆ ಸಂಕೋಚದಿಂದ.

"ಇಂಥದ್ದಕ್ಕೆಲ್ಲ ಯಾರಾದ್ರೂ ಫೋನ್ ಮಾಡ್ಕೊಂಡು ಬರ್ತಾರೇನಮ್ಮ? ಬನ್ನಿ, ಕೂತ್ಕೊಳ್ಳಿ. ಟೀ ಕುಡಿದೇ ಹೋಗ್ಬೇಕು."

ನಾನು ಟೀ ಇಟ್ಟೆ. ನಡುಮನೆಯಿಂದ ಮಾಮನ ಧ್ವನಿ ಕೇಳುತ್ತಿತ್ತು. ಒಂಬತ್ತು ದಿನದ ಹಿಂದೆ ಆದದ್ದನ್ನು ಹೇಳಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಅದಕ್ಕೇ ಮಾರುತ್ತಿದ್ದಾರೆ ಎಂದು ಅವರಿಗೆ ಅರ್ಥವಾಯಿತು. ದುಃಖದ ಮನೆಯಲ್ಲಿ ಬಾಯಿಬಿಟ್ಟು ದರ ಕೇಳುವಷ್ಟು ಒರಟರಲ್ಲ ಅವರು. ಮನೆ ನೋಡಬಹುದೇ ಎಂದಷ್ಟೇ ಕೇಳಿದರು.

ಸತ್ತವನು ಓಡಾಡಿದ ಜಾಗ ನೋಡಲು ಬಯಸುವವರನ್ನು ಮಾಮ ತುಂಬ ಗೌರವಿಸಿದರು. ಕೋಣೆ ಕೋಣೆಗೂ ಕರೆದುಕೊಂಡು ಹೋದರು.

"ಈ ಕಿಟಕಿ ನೋಡಿ. ಮುಚ್ಚಲ್ಲ ಇದು. ದಿನಾ ಸಂಜೆ ಅವನು ಇದಕ್ಕೊಂದು ಒದೆ ಕೊಡ್ಬೇಕಿತ್ತು. ಬಚ್ಚಲ ಗೋಡೆ ಮುಟ್ಟಿ ನೋಡಿ, ಒದ್ದೆ. ಎಷ್ಟು ಒದ್ದಾಡಿದಾನೆ ಗೊತ್ತಾ ಇದರ ಜೊತೆ? ಈ ರೂಮು ಮಧ್ಯಾಹ್ನ ಮೂರರ ಮೇಲೆ ಒಲೆ. ಪಾಪ, ಇಲ್ಲೇ ಕೂತು ಕೆಲಸ ಮಾಡ್ತಿದ್ದ."

ಗಂಡ ಗೋಡೆ ಮುಟ್ಟಿದರು. ಎಂಟು ತಿಂಗಳಿಂದ ಅವರು ಮನೆ ಹುಡುಕುತ್ತಿದ್ದರಂತೆ. ಸೋರುವ ಗೋಡೆಯ ಮುಂದೆ ಬೀರು ನಿಲ್ಲಿಸಿದವರನ್ನು ನೋಡಿದ್ದರು, ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದವರನ್ನು ನೋಡಿದ್ದರು. ಬಂದವರ ಕೈ ಹಿಡಿದು ಒದ್ದೆ ಗೋಡೆಗೆ ಮುಟ್ಟಿಸುವವರನ್ನು ನೋಡಿರಲಿಲ್ಲ.

"ಈ ಕಡೆ ದರ ಹೇಗಿದೆ?" ಎಂದು ಅವರು ಸುತ್ತಿಬಳಸಿ ಕೇಳಿದರು.

ಮಾಮ ಮೈ ಕೊಡವಿ ಎದ್ದವರಂತಾದರು. ಫೈಲು ಬಂತು. "ನೀವು ಮನೆ ಕೊಳ್ಳೋ ಯೋಚನೆಯಲ್ಲಿದ್ರೆ ನನ್ನ ಮಾತು ಕೇಳಿ. ಈಗ ಬೇಡ. ಇಳಿಯುತ್ತೆ. ಸ್ವಲ್ಪ ಕಾಯಿರಿ."

"ಎಷ್ಟು ದಿನ ಕಾಯ್ಬೇಕಾಗುತ್ತೆ?"

"ನಾನು ನಲವತ್ತು ವರ್ಷದಿಂದ ಕಾಯ್ತಿದ್ದೀನಿ."

ಮಾರುವವರೇ ಕೊಳ್ಳಬೇಡಿ ಅನ್ನುತ್ತಿದ್ದಾರೆ. ಇಂಥ ಮನೆಯನ್ನು ಬಿಡಬಾರದು ಎಂದು ಅವರು ಅಂಗಳದಲ್ಲೇ ತೀರ್ಮಾನಿಸಿದರು. ಹೊರಗೆ ಹೋಗಿ ಇನ್ನೊಮ್ಮೆ ಬಗ್ಗಿ, ನಂಬರು ಬರೆದುಕೊಂಡರು.

"ನೋಡು, ಹೋಗೋವಾಗಲೂ ತಲೆ ಬಾಗಿಸಿ ಹೋದ್ರು," ಎಂದರು ಮಾಮ.

ಆ ದಿನ ಒಟ್ಟು ಏಳು ಜನ ಬಂದರು. ಮರುದಿನ ಹನ್ನೊಂದು. ಯಾರೂ ನನಗೆ ಗುರುತಿಲ್ಲ. ಎಲ್ಲರೂ ಗೇಟಿನಲ್ಲಿ ತಲೆ ಬಾಗಿಸಿದರು, ಎಲ್ಲರೂ ಟೀ ಕುಡಿದರು, ಎಲ್ಲರೂ ಒದ್ದೆ ಗೋಡೆ ಮುಟ್ಟಿದರು. ಮಾಮ ಪ್ರತಿಯೊಬ್ಬರನ್ನೂ ಎಣಿಸುತ್ತಿದ್ದರು.

"ನಿನ್ನ ಗಂಡ ಎಂಥ ಮನುಷ್ಯ ಕಣೇ. ಎಲ್ಲೆಲ್ಲಿಂದಲೋ ಬರ್ತಿದ್ದಾರೆ. ನಮಗೇ ಗೊತ್ತಿಲ್ಲದೋರು ಅವನಿಗೆ ಗೊತ್ತು."

ನಾನು ಹೂಂ ಅಂದೆ. ನನಗೂ ಹಾಗೇ ಅನ್ನಿಸುತ್ತಿತ್ತು.

ಎದುರುಮನೆಯ ಹೊಲಿಗೆಯಕ್ಕ ಬೋರ್ಡನ್ನು ಮೊದಲ ದಿನವೇ ಓದಿದ್ದರು. ಅವರ ಹೊಲಿಗೆಯಂತ್ರ ಇರುವುದೇ ಬೀದಿ ಕಿಟಕಿಯಲ್ಲಿ. ಆರು ವರ್ಷ ಉಪ್ಪು ಸಕ್ಕರೆ ಕೊಟ್ಟುಕೊಂಡ ಮೇಲೆ ಒಂದು ಮಾತೂ ಹೇಳದೆ ಮನೆ ಮಾರುತ್ತಿದ್ದಾಳೆ ಎಂದು ಅವರಿಗೆ ನೋವಾಯಿತು. ನನ್ನ ಜೊತೆ ಮಾತು ಬಿಟ್ಟರು. ನಾನೂ ಆಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಾದ್ದರಿಂದ ಅವರು ಮಾತು ಬಿಟ್ಟದ್ದು ನನಗೆ ತಿಳಿಯಲಿಲ್ಲ.

ಆದರೆ ನಾಳೆ ಎದುರಿಗೆ ಬಂದು ಕೂರುವವರು ಯಾರೆಂಬುದು ಅವರಿಗೆ ಮುಖ್ಯ. ಬುಧವಾರದಿಂದ ಅವರು ಕತ್ತಿಗೆ ಅಳತೆ ಟೇಪು ಹಾಕಿಕೊಂಡು ಗೇಟಿನ ಹತ್ತಿರವೇ ಸಂದರ್ಶನ ಶುರುಮಾಡಿದರು.

"ನಾಯಿ ಇದೆಯಾ?"

"ಇಲ್ಲ."

"ರಾತ್ರಿ ಟಿವಿ ಜೋರಾಗಿ ಹಾಕ್ತೀರಾ?"

"ಇಲ್ಲಮ್ಮ."

"ನೀವು ಈಗ ಎಲ್ಲಿದ್ದೀರೋ ಅಲ್ಲಿಂದ ಯಾಕೆ ಬಿಡ್ತಿದ್ದೀರಿ? ಅಲ್ಲಿ ಜಗಳವಾ?"

ಇಬ್ಬರನ್ನು ಅವರು ಅಲ್ಲಿಂದಲೇ ವಾಪಸು ಕಳಿಸಿದರು. ಒಬ್ಬರು ಡೋಲು ಬಾರಿಸುವವರಂತೆ. ಇನ್ನೊಬ್ಬರ ಪ್ಯಾಂಟಿನ ಹೊಲಿಗೆ ಅವರಿಗೆ ಹಿಡಿಸಲಿಲ್ಲವಂತೆ.

ಅತ್ತ ಕನ್ನಡಕದಂಗಡಿಯಲ್ಲಿ ಏನಾಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿದದ್ದು. ಮಂಗಳವಾರ ಮಧ್ಯಾಹ್ನ ಅವರ ಫೋನು ಹೊಡೆದುಕೊಂಡಿತು.

"ನಿಮ್ಮ ಮನೆ ನೋಡಿದ್ವಿ. ಹಿಡಿಸ್ತು. ಗೋಡೆ ಒದ್ದೆ ಇದ್ರೂ ಪರವಾಗಿಲ್ಲ."

"ಯಾವ ಗೋಡೆ ರೀ? ನಮ್ಮ ಗೋಡೆ ಎಲ್ಲ ಒಣಗಿದೆ."

"ಮುಚ್ಚಿಡ್ಬೇಡಿ ಸಾರ್, ಪರವಾಗಿಲ್ಲ. ನಿಮ್ಮ ಮನೆ ಹಿರಿಯರು ಎಲ್ಲಾ ಹೇಳಿದ್ರು."

ಅವರ ಮನೆಯ ಹಿರಿಯರೆಂದರೆ ಹೆಂಡತಿಯ ತಂದೆ. ದಿನಕ್ಕೆ ನಾಲ್ಕು ಮಾತಾಡುವವರು. ಆ ನಾಲ್ಕು ಮಾತು ಇದಕ್ಕೇ ಖರ್ಚಾಗುತ್ತಿದೆ ಎಂದು ತಿಳಿದು ಕನ್ನಡಕದವರು ಅವರ ಕುರ್ಚಿಯನ್ನು ಜಗಲಿಯಿಂದ ತೆಗೆದು ಹಿತ್ತಲಿಗೆ ಹಾಕಿಸಿದರು. ಸಂಜೆಗೆ ಮತ್ತೆ ಮೂರು ಫೋನು. ಮರುದಿನ ಐದು. ಕನ್ನಡಕದವರು ಪ್ರತಿ ಫೋನಿಗೂ ದರವನ್ನು ಸ್ವಲ್ಪ ಸ್ವಲ್ಪ ಏರಿಸಿದರು. ಆ ಕಡೆಯವರು ಆಗಲಿ, ಯೋಚಿಸುತ್ತೇವೆ ಅನ್ನುತ್ತಿದ್ದರು. ಮಾಮನ ಕನ್ನಡಕ ಮೇಜಿನ ಮೇಲೆ ಒಂದು ಕಾಲು ಇಲ್ಲದೆ ಮಲಗಿತ್ತು. ರಿಪೇರಿಗೆ ಅವರಿಗೆ ಬಿಡುವೆಲ್ಲಿ?

ಬೋರ್ಡು ಇದ್ದಾಗ ಹದಿನಾಲ್ಕು ತಿಂಗಳು ಒಂದು ಫೋನಿಲ್ಲ. ಬೋರ್ಡು ತೆಗೆದ ಮೇಲೆ ಸಾಲು ಸಾಲು. ಇದನ್ನು ಯೋಚಿಸಿ ಯೋಚಿಸಿ ಕನ್ನಡಕದವರು ಒಂದು ಸಿದ್ಧಾಂತಕ್ಕೆ ಬಂದರು. ಬೋರ್ಡು ಹಾಕಿದರೆ ಗರಜು ಕಾಣುತ್ತದೆ, ಗರಜು ಕಂಡರೆ ಜನ ಬರುವುದಿಲ್ಲ. ಅಂಗಡಿಗೆ ಬಂದವರ ಗಲ್ಲವನ್ನು ಯಂತ್ರದ ಮೇಲಿಡಿಸಿ, ಅಲುಗಾಡದಂತೆ ಮಾಡಿ, ಇದನ್ನು ಹೇಳಿದರು. ಮನೆ ಮಾರಬೇಕೆಂದಿದ್ದ ನಾಲ್ಕು ಜನ ಮಾತು ನಂಬಿ ತಮ್ಮ ತಮ್ಮ ಬೋರ್ಡು ಇಳಿಸಿದರು. ಗುರುವಾರದ ಹೊತ್ತಿಗೆ ಇಡೀ ಬಡಾವಣೆಯಲ್ಲಿ ಉಳಿದ ಬೋರ್ಡು ಒಂದೇ. ಅದು ನಮ್ಮ ಗೇಟಿನಲ್ಲಿ ಒಣಗುತ್ತಿತ್ತು. ಹಾಗಾಗಿ ಮನೆ ಬೇಕಾದವರೆಲ್ಲ ನಮ್ಮಲ್ಲಿಗೇ ಬಂದರು. ಊರಲ್ಲಿ ಮಾರುವ ಮನೆಗಳೇ ಇಲ್ಲ, ದರ ಏರುತ್ತಿದೆ ಎಂದು ಅವರು ಮಾಮನಿಗೆ ಹೇಳಿದರು. ಮಾಮ ತಮ್ಮ ಫೈಲಿನಲ್ಲಿ ಅಂದಾಜಿನ ಮೇಲೆ ಅದನ್ನು ಗುರುತು ಹಾಕಿಕೊಂಡು, "ಇಳಿಯುತ್ತೆ ಬಿಡಿ" ಎಂದು ಸಮಾಧಾನ ಮಾಡಿದರು. ದುಃಖ ಹಂಚಿಕೊಳ್ಳಲು ಬಂದವರಿಗೂ ಮನೆಯ ಚಿಂತೆ ತಪ್ಪಿಲ್ಲವಲ್ಲ ಎಂದು ಅವರಿಗೆ ಮರುಕ.

ಗುರುವಾರ ಮೀಟರಿನವರು ಬಂದರು. ನೀರಿನ ಮೀಟರು ಗೇಟಿನ ಪಕ್ಕ ನೆಲದ ಹತ್ತಿರ ಇರುವುದರಿಂದ ಅವರೂ ಬಗ್ಗಿದರು. ಮಾಮ ತೋಳು ಹಿಡಿದು ಒಳಗೆ ಕರೆತಂದರು.

"ನಾನು ಮೀಟರ್ ನೋಡೋಕೆ ಬಂದಿದ್ದು ಯಜಮಾನ್ರೇ."

"ಯಾವ ನೆಪದಲ್ಲಿ ಬಂದ್ರೇನು, ಬಂದ್ರಲ್ಲ," ಎಂದರು ಮಾಮ. "ಅವನು ಹೋಗಿ ಹನ್ನೊಂದು ದಿನ ಆಯ್ತು."

ಮೀಟರಿನವರು ನನ್ನ ಕಡೆ ನೋಡಿದರು. ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಕೂತರು. ಟೀ ಆರಿಹೋಯಿತು.

"ತಿಂಗಳಾ ತಿಂಗಳಾ ನಾನು ಬೈತಿದ್ದೆ ಅವರಿಗೆ," ಎಂದರು ಆಮೇಲೆ. "ಹಲಗೆ ಮುಚ್ಚಿದ್ರೆ ಸಾಲದು ಸಾರ್, ಸರಿಯಾದ ಮುಚ್ಚಳ ಹಾಕ್ಸಿ ಅಂತ. ಮುಂದಿನ ಸಲ ಬರೋವಾಗ ಇರುತ್ತೆ ಅನ್ನೋರು. ನಗ್ತಾ ಅನ್ನೋರು. ನೀರು ಕೊಡ್ದೆ ಒಂದು ಸಲನೂ ಕಳಿಸ್ಲಿಲ್ಲ."

ಹೊರಡುವಾಗ ಅವರು ಸಂಪಿನ ಮೇಲಿದ್ದ ಇಸ್ತ್ರಿ ಮೇಜು ನೋಡಿ ನಿಂತರು. ಬಹಳ ಸಂಕೋಚದಿಂದ ಒಂದು ಚೀಟಿ ಬರೆದರು. 'ತೊಟ್ಟಿ ತೆರೆದಿದೆ. ಏಳು ದಿನದೊಳಗೆ ಮುಚ್ಚತಕ್ಕದ್ದು.'

"ಬರೀಲೇಬೇಕಮ್ಮ. ಇಂಥ ಹೊತ್ತಲ್ಲಿ ಕೊಡ್ತಿದ್ದೀನಿ, ತಪ್ಪು ತಿಳ್ಕೋಬೇಡಿ."

ಅದೇ ಸಂಜೆ ಭಾವ ಫೋನ್ ಮಾಡಿದರು.

"ನೋಡಮ್ಮ, ನಾನೇ ಹೇಳ್ಬೇಕು ಅಂತಿದ್ದೆ. ನೀನೇ ಧೈರ್ಯ ಮಾಡಿದ್ದು ಒಳ್ಳೇದಾಯ್ತು. ನಮ್ಮ ಆಫೀಸಿನ ದೊಡ್ಡ ಸಾಹೇಬ್ರು ಮನೆ ಹುಡುಕ್ತಿದ್ದಾರೆ. ಶನಿವಾರ ಕರ್ಕೊಂಡು ಬರ್ತೀನಿ. ಅವರು ಮೆಚ್ಚಿದ್ರೆ ಅವತ್ತೇ ಮಾತು ಮುಗಿಸೋಣ."

"ಯಾವ ಮನೆ ಭಾವ?"

"ಇನ್ಯಾವ ಮನೆ? ಗೇಟಿಗೆ ಬೋರ್ಡು ಹಾಕಿದ್ದೀಯಂತಲ್ಲ. ನಮ್ಮ ಆಫೀಸಿನೋರು ಇಬ್ಬರು ಬಂದು ನೋಡ್ಕೊಂಡು ಹೋಗಿದ್ದಾರೆ. ಟೀ ಚೆನ್ನಾಗಿತ್ತಂತೆ. ಶನಿವಾರ ಹತ್ತು ಗಂಟೆ, ಸರಿನಾ?"

ಹೂಂ ಅಂದುಬಿಟ್ಟೆ. ಬಾಯಿಗೆ ಅದೇ ಅಭ್ಯಾಸವಾಗಿತ್ತು.

ಫೋನಿಟ್ಟು, ಹನ್ನೊಂದು ದಿನದಲ್ಲಿ ಮೊದಲ ಸಲ ಗೇಟಿನ ಹೊರಗೆ ಹೋದೆ. ಬೋರ್ಡು ಚೆನ್ನಾಗಿ ಒಣಗಿತ್ತು. ಸೋಪಿನಲ್ಲಿ ತೊಳೆದದ್ದರಿಂದ ಅಕ್ಷರಗಳು ಹೊಸದರಂತೆ ಹೊಳೆಯುತ್ತಿದ್ದವು. ನಾನೂ ಬಗ್ಗಿ ಕೊನೆಯ ಸಾಲಿನವರೆಗೆ ಓದಿದೆ. ಬಂದವರು ಯಾರು, ಯಾಕೆ ಬಂದರು, ಎಲ್ಲ ಗೊತ್ತಾಯಿತು.

ಎತ್ತಿ ಒಳಗಿಡಬಹುದಿತ್ತು. ತಿರುಗಿ ನೋಡಿದರೆ ಮಾಮ ಬಾಗಿಲಲ್ಲಿ ನಿಂತಿದ್ದರು.

"ಯಾರು, ಇನ್ನೊಬ್ಬರು ಬಂದ್ರಾ?"

"ಇಲ್ಲ ಮಾಮ, ನಾನೇ."

"ಮೂವತ್ತು ಜನ ಆಯ್ತು ಇವತ್ತಿಗೆ. ಮೂವತ್ತು. ನಾನು ಸತ್ತರೆ ಅಂಚೆ ಕಚೇರಿಯಿಂದ ಮೂರು ಜನ ಬರ್ತಾರೇನೋ. ಅವನ ಪುಣ್ಯ ಕಣೇ."

ಬೋರ್ಡನ್ನು ಇದ್ದಲ್ಲೇ ಬಿಟ್ಟು ಒಳಗೆ ಬಂದೆ. ಶುಕ್ರವಾರ ಮತ್ತೆ ಹನ್ನೊಂದು ಜನ ಬಂದರು. ಹನ್ನೊಂದು ಲೋಟ ಟೀ ಮಾಡಿದೆ.

ಶನಿವಾರ ಹತ್ತಕ್ಕೆ ಸರಿಯಾಗಿ ಭಾವ ದೊಡ್ಡ ಸಾಹೇಬರನ್ನು ಕರೆತಂದರು. ದೊಡ್ಡ ಸಾಹೇಬರು ಸಣ್ಣಗಿದ್ದರು. ಅವರು ಎತ್ತ ನೋಡಿದರೆ ಭಾವ ಅತ್ತ ನೋಡುತ್ತಿದ್ದರು. ಅದೇ ಹೊತ್ತಿಗೆ ಮೊದಲ ದಿನದ ಸ್ಕೂಟರು ದಂಪತಿ ಇನ್ನೊಮ್ಮೆ ನೋಡಿ ಹೋಗೋಣವೆಂದು ಬಂದರು. ಮತ್ತಾರೋ ನಾಲ್ವರು ಗೇಟಿನಲ್ಲಿ ಬಗ್ಗಿದ್ದರು. ಹೊಲಿಗೆಯಕ್ಕ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು.

"ನೀವು ಯಾರು?" ಎಂದು ದೊಡ್ಡ ಸಾಹೇಬರನ್ನೂ ಕೇಳಿದರು. "ನಾಯಿ ಇದೆಯಾ?"

"ಎರಡಿವೆ," ಎಂದರು ಅವರು.

"ಬೇಡ."

"ಅಮ್ಮ, ಇವರು ನಮ್ಮ ಸಾಹೇಬ್ರು," ಎಂದರು ಭಾವ ನಡುಗಿ.

"ಯಾರಾದ್ರೇನು? ಬೊಗಳೋದು ಸಾಹೇಬ್ರಲ್ಲವಲ್ಲ."

ಆಗ ಬೀದಿಯ ಮೂಲೆಯಿಂದ ಕನ್ನಡಕದವರು ಬಂದರು. ಬೆಳಿಗ್ಗೆ ಫೋನ್ ಮಾಡಿದ ಒಬ್ಬರು ಅವರ ಮನೆಯ ಹಸಿರು ಕಿಟಕಿಗಳನ್ನು ಹೊಗಳಿದ್ದರಂತೆ. ಅವರ ಕಿಟಕಿಗಳು ಕಂದು. ಹಸಿರು ಕಿಟಕಿ ಇರುವುದು ನಮ್ಮ ಮನೆಗೆ ಎಂದು ಹೊಳೆದು, ಜೊತೆಗೇ ಮಾಮನ ಕನ್ನಡಕದ ನೆನಪಾಗಿ, ಕಾಲು ಜೋಡಿಸಿ, ತೆಗೆದುಕೊಂಡು ಹೊರಟು ಬಂದಿದ್ದರು.

ಗೇಟಿನ ಮುಂದೆ ನಿಂತರು. ಬೋರ್ಡು ನೋಡಿದರು. ತಮ್ಮ ಕೈಬರಹ ಗುರುತಿಸಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಬನ್ನಿ ಬನ್ನಿ, ನೀವೂ ಬಂದ್ರಾ," ಎಂದು ಮಾಮ ಕೈ ಚಾಚಿದರು.

ಕನ್ನಡಕದವರು ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಮಾಮನ ಮೂಗಿನ ಮೇಲೆ ಕೂರಿಸಿದರು. ಕಿವಿಯ ಹಿಂದೆ ಸರಿಮಾಡಿದರು. ಮಾಮನ ಭುಜ ಹಿಡಿದು ಬೋರ್ಡಿನಿಂದ ಆರು ಹೆಜ್ಜೆ ದೂರ ನಿಲ್ಲಿಸಿದರು. ಆಮೇಲೆ ಮೇಲಿನ ಸಾಲಿನ ಕೆಳಗೆ ಬೆರಳಿಟ್ಟರು. ಮೂವತ್ತು ವರ್ಷದ ಅಭ್ಯಾಸ.

"ಓದಿ."

"ಮನೆ," ಎಂದರು ಮಾಮ.

"ಕೆಳಗೆ."

"ಮಾರಾಟಕ್ಕಿದೆ."

"ಅದರ ಕೆಳಗೆ."

"ನೇರ ಮಾಲೀಕರು." ಮಾಮನ ಧ್ವನಿ ಅಕ್ಷರದ ಜೊತೆಗೇ ಸಣ್ಣದಾಗುತ್ತಿತ್ತು. "ದಲ್ಲಾಳಿಗಳು ಬರಬೇಡಿ."

"ಕೊನೇದು?"

ಮಾಮ ಮುಂದೆ ಬಂದರು. ನಡು ಬಗ್ಗಿಸಿದರು. ತಲೆ ತಗ್ಗಿಸಿದರು. ಐದು ದಿನ ಬಂದವರೆಲ್ಲ ಹೇಗೆ ಬಾಗಿದ್ದರೋ ಹಾಗೇ ಬಾಗಿ, ನಂಬರು ಒಂದೊಂದಾಗಿ ಓದಿದರು. ಓದಿ ಮುಗಿದ ಮೇಲೂ ಏಳಲಿಲ್ಲ.

"ದೃಷ್ಟಿ ಸರಿಯಾಗಿದೆ," ಎಂದರು ಕನ್ನಡಕದವರು.

ಮಾಮ ಬಗ್ಗಿದಲ್ಲಿಂದಲೇ ಕೇಳಿದರು.

"ಹಾಗಾದ್ರೆ ಬಂದೋರೆಲ್ಲ ಇದಕ್ಕೇನಾ?"

"ಹೂಂ ಮಾಮ."

"ಆ ಹೆಲ್ಮೆಟ್ಟಿನೋರು?"

ಹೆಲ್ಮೆಟ್ಟಿನವರು ಅಲ್ಲೇ ನಿಂತಿದ್ದರು. ಅವರು ನೆಲ ನೋಡಿದರು.

"ಮೀಟರಿನೋನು?"

"ಅವರು ಬೋರ್ಡು ನೋಡಿರ್ಲಿಲ್ಲ ಮಾಮ. ಅವರು ನಿಜವಾಗ್ಲೂ ಕೂತಿದ್ರು."

ಮಾಮ ನಿಧಾನವಾಗಿ ನೆಟ್ಟಗಾದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ನಲವತ್ತೊಂದರಲ್ಲಿ ಒಬ್ಬ," ಎಂದರು. "ಸಾಕು ಬಿಡು. ಒಬ್ಬ ಅಂದ್ರೆ ಕಡಿಮೆ ಅಲ್ಲ."

ಭಾವ ಗಂಟಲು ಸರಿಪಡಿಸಿಕೊಂಡರು. "ಆಗಿದ್ದಾಯ್ತು. ತಪ್ಪು ಯಾರದ್ದೋ. ಆದ್ರೆ ಇಷ್ಟು ಜನ ಬಂದಿದ್ದಾರೆ ಅಂದ್ರೆ ಮಾರ್ಕೆಟ್ ಒಳ್ಳೇದಿದೆ ಅಂತ ತಾನೆ ಅರ್ಥ? ಸಾಹೇಬ್ರು ಬೇರೆ ಬಿಡುವು ಮಾಡ್ಕೊಂಡು ಬಂದಿದ್ದಾರೆ. ಇವತ್ತೇ ಮಾತು ಮುಗಿಸಿಬಿಡೋಣ. ಏನಂತೀಯಮ್ಮ?"

ಎಲ್ಲರೂ ನನ್ನ ಕಡೆ ತಿರುಗಿದರು. ಹೊಲಿಗೆಯಕ್ಕ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಇಷ್ಟು ದಿನದಲ್ಲಿ ನನ್ನನ್ನು ಯಾರಾದರೂ ಏನಂತೀಯ ಎಂದು ಕೇಳಿದ್ದು ಅದೇ ಮೊದಲು. ಭಾವ ಹೂಂ ಕೇಳಿಸಿಕೊಳ್ಳಲು ಆಗಲೇ ತಲೆ ಆಡಿಸುತ್ತಿದ್ದರು.

"ಬೋರ್ಡು ನಮ್ಮದಲ್ಲ ಭಾವ," ಎಂದೆ. "ಎರವಲು ತಂದಿದ್ದು. ವಾಪಸ್ ಕೊಡ್ಬೇಕು."

"ಕೊಡೋಣಮ್ಮ, ಯಾರು ಬೇಡ ಅಂದ್ರು? ಮೊದಲು ಮನೆ ಮಾತು."

"ಮನೆ ಮಾತು ಅದೇ."

ಭಾವ ಸಾಹೇಬರನ್ನು ನೋಡಿದರು. ಸಾಹೇಬರು ಗಡಿಯಾರ ನೋಡಿದರು. ಹೊಲಿಗೆಯಕ್ಕ ಟೇಪು ಕತ್ತಿನಿಂದ ತೆಗೆದು ಮಡಚಿ ಕೈಯಲ್ಲಿಟ್ಟುಕೊಂಡರು.

"ನನಗೆ ಮೊದಲೇ ಗೊತ್ತಿತ್ತು," ಎಂದರು, ಗೊತ್ತಿಲ್ಲದಿದ್ದರೂ.

ನಾನು ಹಲಗೆಯ ಒಂದು ತುದಿ ಹಿಡಿದೆ. ಒಬ್ಬಳಿಂದ ಅಷ್ಟು ದೂರ ಹೊರಲಾಗುತ್ತಿರಲಿಲ್ಲ. ಮಾಮ ಬಂದು ಇನ್ನೊಂದು ತುದಿ ಹಿಡಿದರು. ಹೊರಟೆವು. ಮುಂದೆ ನಾನು, ಹಿಂದೆ ಮಾಮ, ಪಕ್ಕದಲ್ಲಿ ಕನ್ನಡಕದವರು. ಬೋರ್ಡು ಹೋದ ಕಡೆ ಮನೆ ಇರಬೇಕೆಂದು ಸ್ಕೂಟರು ದಂಪತಿ ಸ್ಕೂಟರು ತಳ್ಳಿಕೊಂಡು ಹಿಂದೆ ಬಂದರು. ಆ ನಾಲ್ವರೂ ಬಂದರು. ದೊಡ್ಡ ಸಾಹೇಬರು ಬಂದರು, ಆದ್ದರಿಂದ ಭಾವನೂ ಬಂದರು. ಕೊನೆಯಲ್ಲಿ ಹೊಲಿಗೆಯಕ್ಕ. ಎರಡು ವಾರದೊಳಗೆ ಎರಡನೆಯ ಸಲ ನಮ್ಮ ಮನೆಯಿಂದ ಜನ ಹೀಗೆ ಸಾಲಾಗಿ ಹೊರಟಿದ್ದರು. ದಾರಿಯಲ್ಲಿ ಒಬ್ಬರು ಸೈಕಲ್ಲಿನಿಂದ ಇಳಿದು ನಿಂತರು.

"ಕೈ ನೋಯ್ತಾ?" ಎಂದು ಮಾಮ ಹಿಂದಿನಿಂದ ಕೇಳಿದರು.

"ಇಲ್ಲ."

"ಇದರ ಮೇಲೆ ಏನು ಬರೆದಿದೆ ಅಂತ ಓದಿಸ್ಕೊಂಡಿದ್ರೆ ಆಗ್ತಿತ್ತು ನಾನು."

"ನಾನು ಹೂಂ ಅಂದ್ನಲ್ಲ ಮಾಮ."

ಕನ್ನಡಕದವರ ಮನೆ ಮುಂದೆ ಹಲಗೆ ಇಳಿಸಿದೆವು. ಅವರ ಹೆಂಡತಿ ಮಹಡಿಯಿಂದ ಇಣುಕಿದರು. ಬಂದವರಿಗೆಲ್ಲ ಮನೆ ತೋರಿಸಬೇಕಲ್ಲ, ಕನ್ನಡಕದವರು ಏನು ಹೇಳಬೇಕೆಂದು ತಿಳಿಯದೆ ಮಾಮನ ಮುಖ ನೋಡಿದರು. ಮಾಮ ಒಳಗೆ ಹೋಗಿ ಗೋಡೆಗಳನ್ನು ಅಂಗೈಯಿಂದ ಮುಟ್ಟುತ್ತಾ ಬಂದರು. ಸ್ಕೂಟರು ದಂಪತಿ ಅವರ ಬಾಯನ್ನೇ ನೋಡುತ್ತಿದ್ದರು.

"ಗೋಡೆ ಒಣಗಿದೆ," ಎಂದರು ಮಾಮ. "ಮೆಟ್ಟಿಲು ಕಡಿದು. ನಿಮ್ಮ ಮೊಣಕಾಲು ಗಟ್ಟಿ ಇದ್ರೆ ತಗೊಳ್ಳಿ. ಕಾಯಬೇಡಿ."

ನಲವತ್ತು ವರ್ಷದಲ್ಲಿ ಅವರು ಕೊಳ್ಳಿ ಎಂದು ಸಲಹೆ ಕೊಟ್ಟದ್ದು ಇದೊಂದೇ ಸಲ. ದಂಪತಿ ಮೆಟ್ಟಿಲು ಹತ್ತಿದರು. ಜಗಲಿಗೆ ಹಿರಿಯರ ಕುರ್ಚಿ ವಾಪಸು ಬಂತು.

ನಾನು ಹಲಗೆ ತಿರುಗಿಸಿದೆ. ಹಿಂಭಾಗದಲ್ಲಿ, ಒಂದು ಮೂಲೆಯಲ್ಲಿ, ಮೊಳೆಯಿಂದ ಗೀರಿದ ಎರಡು ಅಂಕಿಗಳಿದ್ದವು. ಸಂಪಿನ ಬಾಯಿಯ ಉದ್ದ, ಅಗಲ. ನನ್ನ ಗಂಡನ ಬರವಣಿಗೆ. ಅವರು ಬರೆಯುವ ಎರಡು ಎಂಬ ಅಂಕಿಯ ತಲೆ ಯಾವಾಗಲೂ ಸ್ವಲ್ಪ ಓರೆ. ಸೋಪಿಗೆ ಅದು ಹೋಗಿರಲಿಲ್ಲ. ಕನ್ನಡಕದವರ ಪೆನ್ನು ಕೇಳಿ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡೆ.

"ಬೇಕಿದ್ರೆ ಇನ್ನೂ ನಾಲ್ಕು ದಿನ ಇಟ್ಕೊಳ್ಳಿ," ಎಂದರು ಕನ್ನಡಕದವರು. "ನಿಮ್ಮ ಸಂಪು ತೆರೆದಿರುತ್ತಲ್ಲ. ಬೋರ್ಡು ನನಗಿನ್ನು ಬೇಕಾಗಲ್ಲ ಅನ್ಸುತ್ತೆ."

"ಬೇಡ. ಎರವಲು ಅಂತ ಹೇಳಿ ತಂದಿದ್ರು. ತಗೊಳ್ಳಿ."

ಅವರು ಎರಡೂ ಕೈ ಚಾಚಿ ತೆಗೆದುಕೊಂಡರು.

"ಮತ್ತೆ ಮುಚ್ಚಳ?" ಎಂದರು ಮಾಮ. "ನಾಳೆ ಭಾನುವಾರ. ನಾಳೆ ನಾನೇ ಹೋಗಿ ತರ್ತೀನಿ ಬಿಡು."

"ಕಬ್ಬಿಣದಂಗಡಿಗೆ ಭಾನುವಾರ ರಜಾ, ಮಾಮ," ಎಂದೆ. ಎಂಟು ತಿಂಗಳು ಅದನ್ನು ನನ್ನ ಗಂಡನಿಗೆ ನಾನು ಹೇಳಿರಲಿಲ್ಲ. "ಬನ್ನಿ. ಇವತ್ತೇ ತರೋಣ."